ಸೂರ್ಯನಿಗೆ ಬೇವಿನ ಸೊಪ್ಪು

ಅರಿಶಿನ ಕದಡಿದ ನೀರಿನ ತಟ್ಟೆಗೆ ಬಗ್ಗಿದ್ದ ನಿಂಗಮ್ಮ ಗಾಬರಿಯಿಂದ ತಲೆಯೆತ್ತಿದಳು. “ಬುದ್ಧೀ, ಸೂರ್ಯಪ್ಪಂಗೆ ಅಮ್ಮ ಬಂದವ್ಳೆ!”

ನೀರಿನಲ್ಲಿ ಕಾಣುತ್ತಿದ್ದ ಸೂರ್ಯನ ಬಿಂಬದ ಮೇಲೆ ಎರಡು ಕಪ್ಪು ಕಲೆಗಳಿದ್ದವು. ನಾನು ಹುಣಸೂರಿನ ಅಂಚೆ ಕಚೇರಿಯಲ್ಲಿ ತಂತಿ ಗುಮಾಸ್ತ. ನಿಂಗಮ್ಮ ಕಟ್ಟೆಮಳಲವಾಡಿಯಿಂದ ನಮಗೆ ದಿನವೂ ಮಜ್ಜಿಗೆ ತರುವ ಮುದುಕಿ. ಅಂದು ಬೆಳಗಿನಿಂದ, ಬ್ಯಾಟರಿ ಬಿಚ್ಚಿಟ್ಟರೂ, ನನ್ನ ತಂತಿಯಂತ್ರ ತಾನಾಗಿ ಟಕಟಕ ಬಡಿದುಕೊಳ್ಳುತ್ತಿತ್ತು. ಸೂರ್ಯನ ಮೇಲೆ ಕಲೆಯೆದ್ದಾಗ ಹೀಗಾಗುವುದುಂಟು, ದೂರದ ಉತ್ತರ ದೇಶಗಳಲ್ಲಿ ಇರುಳಿನ ಆಕಾಶವೇ ಕೆಂಪು ಹಸಿರಾಗಿ ಹೊಳೆಯುವುದುಂಟು ಎಂದು ಓದಿದ್ದೆ. ಅದಕ್ಕೇ, ಗ್ರಹಣದ ದಿನ ಮಾಡುವಂತೆ, ಅಂಗಳದಲ್ಲಿ ತಟ್ಟೆ ಇಟ್ಟಿದ್ದೆ.

ಇದನ್ನೆಲ್ಲ ಅವಳಿಗೆ ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, “ನಿಮ್ ತಂತಿ ಅಂಗಿರ್ಲಿ ಬುಡಿ. ಪಾಪ, ಆಯಪ್ಪಂಗೆ ಮೈ ಎಷ್ಟು ಉರೀತಾ ಅದೋ!” ಎಂದಳು.

ಮಾರನೆಯ ದಿನ ಬಂದವಳೇ ಕಚೇರಿಯ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದಳು. ಮೊದಲ ಲೋಟ ಮಜ್ಜಿಗೆಯನ್ನು ಸೂರ್ಯನ ಕಡೆಗೆ ಚೆಲ್ಲಿ, ಆಮೇಲೆ ನನಗೆ ಕೊಟ್ಟಳು. ಅದಕ್ಕೆ ಒಗ್ಗರಣೆಯೇ ಇರಲಿಲ್ಲ. ಸಿಡುಬೆದ್ದ ಮನೆಯಲ್ಲಿ ಒಗ್ಗರಣೆಯ ಘಾಟು ಏಳಬಾರದಂತೆ. ಸೂರ್ಯನಿಗೆ ಸಿಡುಬೆದ್ದರೆ ಲೋಕವೆಲ್ಲ ಅವನ ಮನೆಯೇ ತಾನೆ!

ಯಂತ್ರ ಎರಡೇ ದಿನಕ್ಕೆ ಸುಮ್ಮನಾಯಿತು. ಕಲೆಗಳು ಕಾಣದಾಗಲು ವಾರ ಹಿಡಿಯಿತು, ಅಂದೇ ಮಜ್ಜಿಗೆಗೆ ಸಾಸಿವೆ ಮರಳಿತು.

ಆ ಎರಡು ದಿನಗಳಲ್ಲೇ ನಾನು ಯಂತ್ರದ ಚಿಂತೆಯಲ್ಲಿ ಮೈಸೂರಿನ ಕಚೇರಿಗೆ ಮೂರು ಕಾಗದ ಬರೆದೆ. ವಾರವಿಡೀ ಸೂರ್ಯ ಹೇಗಿದ್ದಾನೆಂದು ದಿನವೂ ವಿಚಾರಿಸಿದವಳು ನಿಂಗಮ್ಮ ಒಬ್ಬಳೇ.