ಕೊನೆಯ ಸೀಟಿನ ಹುಲಿ

ಮೂಡುಬಿದಿರೆಯ ಕಾಲೇಜಿನಲ್ಲಿ ಹಾಜರಿ ಕರೆಯುವಾಗ ನಾನು ಬಾಯಿ ತೆರೆಯುತ್ತಿರಲಿಲ್ಲ, ಕೈ ಮಾತ್ರ ಎತ್ತುತ್ತಿದ್ದೆ. ಹದಿನೆಂಟು ತುಂಬಿದರೂ ನನ್ನ ಸ್ವರ ಒಡೆದಿರಲಿಲ್ಲ. ಫೋನಿನಲ್ಲಿ ಹಲೋ ಎಂದರೆ ಆ ಕಡೆಯವರು "ಅಪ್ಪ ಇದ್ದಾರಾ ಮಗಳೇ?" ಎನ್ನುತ್ತಿದ್ದರು. ಇಂಥ ಪುಕ್ಕಲ ಮೊಬೈಲಿನಲ್ಲಿ ಮಾತ್ರ ಹುಲಿ, ಒಂದು ಟ್ರೋಲ್ ಪೇಜಿನ ಯಜಮಾನ. ಅಲ್ಲಿ ನನಗೆ ಹೆಸರಿಲ್ಲ, ಮುಖವಿಲ್ಲ, ಮುಖ್ಯವಾಗಿ ಸ್ವರವಿಲ್ಲ. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಯಾರದೋ ಮದುವೆಯ ಕುಣಿತ, ಯಾರದೋ ಭಾಷಣದ ತಡವರಿಕೆ, ಏನು ಸಿಕ್ಕಿದರೂ ಹಾಕುತ್ತಿದ್ದೆ. ಕೆಳಗೆ ಬಂದು ಹಲ್ಲು ಕಿರಿಯುವವರಿಗೆ ಲೆಕ್ಕವಿಲ್ಲ. ಸ್ವಂತದ್ದೊಂದು ಮಾತು ಆಡಲು ಬಾರದ ಆ ಗುಂಪನ್ನು ನೆನೆದರೆ ಈಗಲೂ ಹೇಸಿಗೆ. ಅವರಿಗೆ ದಿನಾ ಮೇವು ಹಾಕುತ್ತಿದ್ದವನ ಮೇಲೆ ಇನ್ನೂ ಹೆಚ್ಚು.

ಸಂಜೆ ಗುರುವಾಯನಕೆರೆಗೆ ಹೋಗುವ ಬಸ್ಸಿನಲ್ಲಿ ನನ್ನದು ಕೊನೆಯ ಸೀಟಿನ ಮೂಲೆ. ಅದರ ಕಂಡಕ್ಟರಿಗೆ ಐವತ್ತರ ಹತ್ತಿರ ವಯಸ್ಸು, ದಪ್ಪ ಮೀಸೆ, ಸ್ವರ ಮಾತ್ರ ಸಪೂರ, ಥೇಟ್ ನನ್ನದೇ. ಆದರೆ ಅವರಿಗೆ ಅದರ ನಾಚಿಕೆಯೇ ಇಲ್ಲ. ಉಳಿದ ಕಂಡಕ್ಟರುಗಳು ವಿಸಿಲ್ ಊದುವಾಗ ಇವರು "ವೇಣೂರು, ಗುರುವಾಯನಕೆರೆ, ಬೆಳ್ತಂಗಡೀ" ಎಂದು ಇಡೀ ಸ್ಟ್ಯಾಂಡಿಗೆ ಕೇಳುವಂತೆ ರಾಗ ಎಳೆಯುತ್ತಿದ್ದರು. ನಿದ್ದೆ ಹೋದ ನನ್ನನ್ನು ಮುಂದಿನ ಬಾಗಿಲಿನಿಂದಲೇ ಕೂಗಿ ಎಬ್ಬಿಸುತ್ತಿದ್ದರು. ಹಿಡಿಗೆ ನೀಲಿ ಟೇಪು ಸುತ್ತಿದ ನನ್ನ ಕೊಡೆಯನ್ನು ಬಸ್ಸಿನಲ್ಲೇ ಮರೆತಾಗ ಎರಡು ಸಲ ತೆಗೆದಿಟ್ಟು ಕೊಟ್ಟಿದ್ದರು.

ಅವರು ಅಂಜದೆ ಕೂಗುವುದೇ ನನಗೆ ಉರಿ. ಒಂದು ಸಂಜೆ ಕೂತಲ್ಲಿಂದಲೇ ವಿಡಿಯೋ ಮಾಡಿ, ಅವರ ಕೂಗಿನ ಹಿಂದೆ ಕೋಳಿಯ ಕೂಗು ಜೋಡಿಸಿ ಹಾಕಿದೆ. ಎರಡು ದಿನದಲ್ಲಿ ಅವರು ಬಾಯಿ ತೆರೆದರೆ ಸಾಕು, ಸ್ಟ್ಯಾಂಡಿನ ಹುಡುಗರು ಕೊಕ್ಕೊಕ್ಕೋ ಎನ್ನತೊಡಗಿದರು.

ಅದೇ ವಾರ ಬಸ್ಸು ಖಾಲಿಯಿದ್ದಾಗ ಅವರು ಬಂದು ನನ್ನ ಪಕ್ಕ ಕೂತರು.

"ನಿನಗೆ ಮೊಬೈಲಿಂದು ಎಲ್ಲ ಗೊತ್ತುಂಟಲ್ಲ ಮಾರಾಯ. ಇದನ್ನು ತೆಗೆಸ್ಲಿಕ್ಕೆ ಆಗ್ತದಾ? ನನ್ನದು ಬಿಡು, ಮಗಳು ಶಾಲೆಗೆ ಹೋಗುದಿಲ್ಲ ಅಂತ ಕೂತಿದ್ದಾಳೆ."

"ಹಾಕಿದವರೇ ತೆಗಿಬೇಕಣ್ಣ. ಅದು ಯಾರಂತ ಗೊತ್ತಾಗುದಿಲ್ಲ."

"ನಿನ್ನ ಗುರ್ತದವರು ಯಾರಾದ್ರೂ ಆದ್ರೆ ಹೇಳಿ ನೋಡು" ಎಂದು ಅವರು ಎದ್ದು ಹೋದರು.

ಒಂದು ಬೆರಳು ಒತ್ತಿದ್ದರೆ ಮುಗಿಯುತ್ತಿತ್ತು. ಆದರೆ ಇವತ್ತೇ ಅಳಿಸಿದರೆ ನನ್ನ ಮೇಲೆ ಅನುಮಾನ ಬರುತ್ತದೆ, ಒಂದು ವಾರ ಹೋಗಲಿ ಎಂದುಕೊಂಡೆ. ಎಂಥ ಬುದ್ಧಿವಂತ! ನಿಜ ಹೇಳಬೇಕೆಂದರೆ, ಅಷ್ಟು ಲೈಕು ನನಗೆ ಹಿಂದೆಂದೂ ಬಂದಿರಲಿಲ್ಲ.

ವಾರದ ಮೇಲೆ, ಅಳಿಸುವ ಮುಂಚೆ ಕೊನೆಯ ಸಲ ನೋಡಿದೆ. ವಿಡಿಯೋದ ಕೆಳಗಿನ ಮೂಲೆಯಲ್ಲಿ, ಎದುರಿನ ಸೀಟಿನ ಸರಳಿಗೆ ತೂಗುಹಾಕಿದ ಕೊಡೆ. ಹಿಡಿಗೆ ನೀಲಿ ಟೇಪು. ಅವರು ನನ್ನಲ್ಲಿ ಮೊಬೈಲಿನ ವಿಷಯ ಕೇಳಲು ಬಂದಿರಲಿಲ್ಲ. ಯಾರು ಹಾಕಿದ್ದೆಂದು ಗೊತ್ತಿದ್ದೇ, ನನ್ನ ಮಾನ ತೆಗೆಯದೆ, ಒಂದು ಅವಕಾಶ ಕೊಡಲು ಬಂದಿದ್ದರು. ಅಳಿಸಿದೆ. ಅಷ್ಟರಲ್ಲಿ ನನ್ನಂಥ ಬೇರೆ ಹೇಡಿಗಳು ಅದನ್ನು ತಮ್ಮ ತಮ್ಮ ಪೇಜಿಗೆ ಎತ್ತಿಕೊಂಡಿದ್ದರು.

ಮರುದಿನ ಅವರ ಕೊರಳಲ್ಲಿ ಹೊಸ ವಿಸಿಲ್ ಇತ್ತು. ಸ್ಟ್ಯಾಂಡಿನಲ್ಲಿ ಅವರು ಯಾವ ಊರಿನ ಹೆಸರನ್ನೂ ಕೂಗಲಿಲ್ಲ. ಮುಖ ನೋಡುವ ಧೈರ್ಯವಿಲ್ಲದೆ ನಾನು ದಾರಿಯುದ್ದಕ್ಕೂ ನಿದ್ದೆಯ ನಟನೆ ಮಾಡಿದೆ. ಗುರುವಾಯನಕೆರೆಯಲ್ಲಿ ಬಸ್ಸು ನಿಂತಿತು. ಅವರು ಮುಂದಿನ ಬಾಗಿಲಿನಿಂದ ನಿಂತ ಜನರನ್ನೆಲ್ಲ ಸರಿಸುತ್ತ ಕೊನೆಯ ಸೀಟಿನವರೆಗೆ ನಡೆದು ಬಂದು ನನ್ನ ಭುಜ ತಟ್ಟಿದರು. ಸರಳಿನಿಂದ ಕೊಡೆ ತೆಗೆದು ಕೈಗೆ ಕೊಟ್ಟರು.

ಅಣ್ಣಾ ಎನ್ನಲು ಬಾಯಿ ತೆರೆದೆ. ಸ್ವರ ಹೊರಡಲಿಲ್ಲ. ನಾನು ಇಳಿದ ಮೇಲೆ ಅವರು ವಿಸಿಲ್ ಊದಿದರು.