ಬಿಳಿ ಧೋತರದ ಮೇಲಿನ ಐದು ಸಾಲು

ಯರಗಟ್ಟಿ ದಾಟಿದ ಕೂಡಲೇ ಬಸ್ಸು ಕುಣಿಯತೊಡಗಿತು. ರಸ್ತೆ ಅಗೆದು ಹಾಕಿದ್ದಾರೆ, ರಾಮದುರ್ಗ ಮುಟ್ಟುವವರೆಗೆ ಹೀಗೇ ಎಂದು ಕಂಡಕ್ಟರ್ ಮೊದಲೇ ಹೇಳಿದ್ದ. ನನ್ನ ಪಕ್ಕದ ಸೀಟಿನ ಹೆಂಗಸಿಗೆ ಅದರ ಪರಿವೆಯೇ ಇಲ್ಲ. ಮಡಿಲಲ್ಲಿ ಬಣ್ಣಬಣ್ಣದ ಬಟ್ಟೆ ಚೂರುಗಳ ಗಂಟು ಬಿಚ್ಚಿಕೊಂಡು, ಕೂಸಿನ ಕುಲಾವಿಯೊಂದನ್ನು ಹೊಲಿಯುತ್ತ ಕುಳಿತಿದ್ದಾಳೆ. ನಾನು ಕಿಟಕಿಯಾಚೆ ನೋಡಲು ಪ್ರಯತ್ನಿಸಿದೆ. ಗೋವಿನಜೋಳದ ಹೊಲ, ಕಬ್ಬಿನ ಟ್ರ್ಯಾಕ್ಟರು, ಮತ್ತೆ ಗೋವಿನಜೋಳ. ಮತ್ತೆ ಕಣ್ಣು ಆಕೆಯ ಸೂಜಿಯ ಮೇಲೆ. ನನ್ನ ಬೆರಳುಗಳು ತಾವಾಗಿಯೇ ತೊಡೆಯ ಮೇಲೆ ಇಲ್ಲದ ದಾರವನ್ನು ಎಳೆಯತೊಡಗಿದವು. ಗೋಡೆಯ ಮೇಲೆ ಕ್ಯಾಲೆಂಡರು ಓರೆಯಾಗಿದ್ದರೆ ಎದ್ದು ಸರಿಮಾಡುವವರೆಗೆ ಉಂಡದ್ದು ಮೈಗೆ ಹತ್ತದ ಜನ ಇರುತ್ತಾರಲ್ಲ, ನಾನು ಆ ಪೈಕಿ.

ಇದು ನನ್ನ ದೋಷವಲ್ಲ, ತರಬೇತಿಯ ದೋಷ ಎಂದು ವಾದಿಸಬಲ್ಲೆ. ಹೈಸ್ಕೂಲಿನಿಂದಲೂ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಇವತ್ತು ರಾಮದುರ್ಗಕ್ಕೆ ಹೊರಟಿರುವುದೂ ಅಂಥದೊಂದು ಸ್ಪರ್ಧೆಗೆ ತೀರ್ಪು ಕೊಡಲಿಕ್ಕೇ. ಎದುರಿನವರ ಮಾತಿನಲ್ಲಿ ಸಡಿಲ ಎಳೆ ಎಲ್ಲಿದೆಯೆಂದು ಹುಡುಕಬೇಕು, ಸಿಕ್ಕೊಡನೆ ಹಿಡಿದು ಜಗ್ಗಬೇಕು, ಇಡೀ ಮಾತು ಬಿಚ್ಚಿ ಬೀಳಬೇಕು. 'ಕೈಕೆಲಸದ ಹವ್ಯಾಸಗಳು ಬರೀ ಕಾಲಹರಣ' ಎಂಬ ವಿಷಯದ ಮೇಲೆ ಒಂದು ವರ್ಷ ಪರವಾಗಿ, ಮರುವರ್ಷ ವಿರೋಧವಾಗಿ ಮಾತಾಡಿ ಎರಡೂ ಸಲ ಮೊದಲ ಬಹುಮಾನ ತಂದೆ. ಮೊದಲ ಸಲ, ಅವ್ವ ಮದುವೆಮನೆಗಳಿಗೆಂದು ಬಣ್ಣದ ಕಾಗದ ಕತ್ತರಿಸಿ ಮಾಡುವ ಪರಪರಿ ತೋರಣವನ್ನು ಹಾಸ್ಯ ಮಾಡಿದೆ. ಎರಡನೆಯ ಸಲ ಅದೇ ಪರಪರಿಯನ್ನು ಕೊಂಡಾಡಿ ನಿರ್ಣಾಯಕರೊಬ್ಬರ ಕಣ್ಣು ಒದ್ದೆ ಮಾಡಿದೆ. ಎರಡನ್ನೂ ಕೇಳಿದ ಅವ್ವ, "ಎರಡರಾಗ ನಿನಗ ಯಾವುದು ಖರೇ ಅನಸತೈತಿ?" ಎಂದಳು. ಆ ಪ್ರಶ್ನೆಗೆ ನಿಯಮಾವಳಿಯಲ್ಲಿ ಅವಕಾಶವಿಲ್ಲ ಎಂದೆ.

ನಾಲ್ಕು ವರ್ಷದ ಹಿಂದಿನ ಮಾತು. ಬೈಲಹೊಂಗಲದ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಕೌದಿ ಹೊಲಿಯುವುದಿದ್ದರೂ ಮೊದಲ ಕರೆ ನೀಲವ್ವ ಆಯಿಗೆ ಹೋಗುತ್ತಿತ್ತು. ಆಕೆ ನಮ್ಮ ಸಂಬಂಧಿಯಲ್ಲ, ಎದುರುಮನೆಯ ಮುದುಕಿ, ಓಣಿಗೆಲ್ಲ ಆಯಿ. ಹಳೆಯ ಸೀರೆ, ಧೋತರ, ಸವೆದ ಅಂಗಿಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿದ ಮೇಲೆ ನಾಲ್ಕು ಬದಿಗೆ ನಾಲ್ವರು ಕೂರುತ್ತಾರೆ. ಅಂಚಿನಿಂದ ಹೊರಟ ಹೊಲಿಗೆ ಸಾಲು ಸಾಲಾಗಿ ನಡುವಿನ ಕಡೆ ಸರಿಯುತ್ತದೆ. ಒಬ್ಬೊಬ್ಬರದು ಒಂದೊಂದು ಕೈ. ಇದು ಶಾಂತಕ್ಕನ ಬದಿ, ಇದು ನಮ್ಮವ್ವನ ಬದಿ ಎಂದು ಓಣಿಯ ಹೆಂಗಸರು ನೋಡಿದ ತಕ್ಷಣ ಹೇಳಬಲ್ಲರು, ಅಕ್ಷರ ನೋಡಿ ಬರೆದವರನ್ನು ಗುರುತಿಸಿದ ಹಾಗೆ. ಮೊದಲ ಮೂಲೆ ಮಾತ್ರ ಆಯಿಯದೇ. ಆಕೆ ಮೂಲೆ ಹಿಡಿದು, ಗಂಟು ಹಾಕಿ, "ಹೂಂ, ನಡೀಲಿ" ಎನ್ನದೆ ಉಳಿದವರು ಸೂಜಿ ಮುಟ್ಟುತ್ತಿರಲಿಲ್ಲ. ಆಯಿಗೆ ಬೇರೆ ಹಬ್ಬ ಬೇಕಿರಲಿಲ್ಲ. ಯಾರ ಮನೆಯಲ್ಲಾದರೂ ಕೌದಿ ಹಾಸಿದ್ದರೆ ಸಾಕು.

ಆ ವರ್ಷ ಕಿತ್ತೂರಿಗೆ ಕೊಟ್ಟ ನನ್ನ ಅಕ್ಕನಿಗೆ ಮೊದಲ ಬಸಿರು. ಏಳು ತಿಂಗಳ ಕುಬಸದ ದಿನ ತವರಿನ ಕೌದಿ ಹೋಗಬೇಕು ಎಂದು ಅವ್ವ ಹಳೆ ಬಟ್ಟೆಯ ಗಂಟು ಇಳಿಸಿದಳು. ಡಿಗ್ರಿ ಮುಗಿಸಿ ಮನೆಯಲ್ಲಿ ಚಡಪಡಿಸುತ್ತಿದ್ದ ನಾನು ನಡುವೆ ಬಾಯಿ ಹಾಕಿದೆ. ಬಣ್ಣಗಳನ್ನು ಕೈಗೆ ಸಿಕ್ಕಂತೆ ಇಡುವುದೇಕೆ? ಗ್ರಾಫ್ ಕಾಗದದ ಮೇಲೆ ಚೌಕ ಚೌಕವಾಗಿ ಬಣ್ಣ ತುಂಬಿ ನಕ್ಷೆ ಮಾಡಿದೆ. ಕಪ್ಪು ಸೀರೆಯ ತುಂಡುಗಳೆಲ್ಲ ನಡುವೆ, ಅಪ್ಪನ ಬಿಳಿ ಧೋತರ ಗೋಡೆಯ ಬದಿಗೆ. ಗೋಡೆಯ ಬದಿ ಆಯಿಯದು.

ಪಕ್ಕದ ಮನೆಯ ಶಾಂತಕ್ಕನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ನಕ್ಷೆ ನೋಡಿ, "ಕರೇದು ಆಯಿ ಕಡೆ ಇರಲಿ ಬಿಡ" ಎಂದಳು.

"ಯಾಕ?"

"ಮೊದಲಿಂದ ಹಂಗ ಐತಿ."

"ಮೊದಲಿಂದ ಐತಿ ಅನ್ನೂದು ಕಾರಣ ಅಲ್ಲ ಶಾಂತಕ್ಕ. ಒಂದ ಕಾರಣ ಹೇಳ್ರಿ, ಈಗಿಂದೀಗ ಬದಲಿ ಮಾಡತೇನಿ."

ಶಾಂತಕ್ಕ ಬಾಯಿ ತೆರೆದಳು. ಆಯಿಯ ಕಡೆ ನೋಡಿದಳು. ಆಯಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದಳು. ಶಾಂತಕ್ಕ ಬಾಯಿ ಮುಚ್ಚಿಕೊಂಡು, "ಭಾಳ ಶಾಣೇಕಿ ಅದಿ ತಗೋ. ನಿನ್ನ ಮನಸ್ಸಿನಂಗ ಹಾಸು" ಎಂದಳು.

ಎದುರಿನವರು ಉತ್ತರವಿಲ್ಲದೆ ಕುಳಿತರೆ ಅಂಕ ನಮಗೆ. ನಾನು ಅಂಕ ಹಾಕಿಕೊಂಡೆ.

ಎರಡು ದಿನ ಹೊಲಿಗೆ ನಡೆಯಿತು. ಆಯಿ, ಅವ್ವ, ಶಾಂತಕ್ಕ, ನಾಲ್ಕನೆಯ ಬದಿಗೆ ನಾನು ಕೂತಿದ್ದೆ. ಕೂತಿದ್ದೆ ಎಂದರೆ ಸುಳ್ಳಾಗುತ್ತದೆ; ಕೂತು, ಎದ್ದು, ನೀರು ಕುಡಿದು ಬಂದು, ಫೋನು ನೋಡಿ, ಮತ್ತೆ ಕೂತಿದ್ದೆ. ಅಷ್ಟರಲ್ಲಿ ಬಿಳಿ ಧೋತರದ ಮೇಲೆ ಆಯಿಯ ಐದು ಸಾಲು ಬಿದ್ದವು. ಮೊದಲಿನೆರಡು ಸೊಟ್ಟ, ಆಮೇಲಿನ ಮೂರು ಇನ್ನೂ ಸೊಟ್ಟ. ಒಂದು ಕಡೆ ಸಾಲುಗಳ ನಡುವೆ ಎರಡು ಬೆರಳು ಅಂತರ, ಇನ್ನೊಂದು ಕಡೆ ಒಂದರ ಮೇಲೊಂದು ಹತ್ತಿ ಕುಳಿತಿವೆ. ಅವ್ವನೂ ಶಾಂತಕ್ಕನೂ ತುಟಿ ಬಿಚ್ಚಲಿಲ್ಲ. ನನಗೆ ತಡೆಯಲಾಗದ್ದು ಅದೇ. ಕಣ್ಣೆದುರಿನ ತಪ್ಪನ್ನು ಕಾಣದವರಂತೆ ಇರುವುದು ಎಂಥ ಶಿಷ್ಟಾಚಾರ?

ಮೂರನೆಯ ದಿನ ಅಮಾವಾಸ್ಯೆ, ಸೂಜಿ ಹಿಡಿಯಬಾರದೆಂದು ರಜೆ. ಅಂಥ ರಜೆಗಳನ್ನು ನಾನು ಒಪ್ಪುವುದಿಲ್ಲ. ಅವ್ವ ಗುಡಿಗೆ ಹೋದ ಹೊತ್ತು ನೋಡಿ ಕತ್ತರಿ ತೆಗೆದುಕೊಂಡು ಆಯಿಯ ಮೂರು ಸಾಲು ಬಿಚ್ಚಿದೆ. ಸ್ಕೇಲು ಇಟ್ಟು, ಪೆನ್ಸಿಲಿನಿಂದ ಗೆರೆ ಎಳೆದು, ಮತ್ತೆ ಹೊಲಿದೆ. ಅಷ್ಟಕ್ಕೇ ಬೆರಳೆಲ್ಲ ತೂತು ಬಿದ್ದು ಉರಿಯತೊಡಗಿದ್ದರಿಂದ ಉಳಿದೆರಡು ಸಾಲು ಬಚಾವಾದವು.

ಮರುದಿನ ಆಯಿ ಬಂದು ಕೂತು, ಹೊಲಿಗೆ ಎಲ್ಲಿಗೆ ಬಂದಿದೆಯೆಂದು ಹೆಬ್ಬೆರಳು ಆಡಿಸಿದಳು. ಹೆಬ್ಬೆರಳು ನಿಂತಿತು. ಹಿಂದೆ ಹೋಯಿತು. ಮತ್ತೆ ಬಂತು.

"ಇದು ನನ್ನ ಹೊಲಿಗಿ ಅಲ್ಲ."

ಶಾಂತಕ್ಕನ ಸೂಜಿ ಬಟ್ಟೆಯಲ್ಲಿ ಅರ್ಧ ಹೊಕ್ಕು ಅಲ್ಲೇ ನಿಂತಿತು.

"ನಾ ಹೊಲದೇನಿ ಆಯಿ," ಎಂದೆ. "ನಿಮ್ಮದು ಸೊಟ್ಟ ಆಗಿತ್ತು."

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ವೇದಿಕೆಯ ಮೇಲೆ ಮಾತು ನಿಲ್ಲಿಸುವುದು ಗಂಟೆ ಬಾರಿಸುವವರ ಕೆಲಸ, ಮನೆಯಲ್ಲಿ ಗಂಟೆ ಇರಲಿಲ್ಲ. ನೇರ ಹೊಲಿಗೆ ಗಟ್ಟಿ. ಸೊಟ್ಟ ಹೊಲಿಗೆಯಲ್ಲಿ ಪದರು ಸರಿದು ಗಂಟಾಗಿ ಕೂಸಿನ ಮೈಗೆ ಒತ್ತುತ್ತದೆ. ಇಷ್ಟಕ್ಕೂ ಕಣ್ಣು ಕಾಣದಿದ್ದರೆ ದವಾಖಾನೆಗೆ ತೋರಿಸಬೇಕೇ ಹೊರತು ಕೌದಿಯ ಮೇಲೆ ಪ್ರಯೋಗ ಮಾಡಬಾರದು. ಮೂರು ಅಂಶ, ಮೂರಕ್ಕೂ ಆಧಾರ. ಯಾರೂ ಖಂಡಿಸಲಿಲ್ಲ.

ಆಯಿ ದಾರ ಕಡಿದು ಸೂಜಿಯನ್ನು ಅವ್ವನ ಕೈಗೆ ಕೊಟ್ಟಳು. "ಇಷ್ಟ ದಿನ ಹೊಲದೆ, ಸಾಕಾತವ್ವಾ. ಇನ್ನ ನಾ ಸೂಜಿ ಹಿಡಿಯಂಗಿಲ್ಲ. ಶಾಣ್ಯಾರು ಅದೀರಿ, ನೀವ ಹೊಲೀರಿ." ಹೋಗುವಾಗ ಹೊಸ್ತಿಲನ್ನು ಕಾಲಿನಿಂದ ತಡವಿ ನೋಡಿ ದಾಟಿದಳು. ದಿನವೂ ಹಾಗೆಯೇ ದಾಟುತ್ತಿದ್ದಳೇನೋ, ನಾನು ಅಂದು ಕಂಡೆ.

ನಡುವೆ ಮೊಳದಗಲ ಹೊಲಿಗೆಯಿಲ್ಲದೆ ಕೌದಿಯನ್ನು ಸುತ್ತಿಟ್ಟೆವು. ಶಾಂತಕ್ಕ ನಮ್ಮ ಮನೆಯ ಕಡೆ ಹಾಯಲಿಲ್ಲ. ಎದುರಿನ ಕಟ್ಟೆಯ ಮೇಲೆ ಆಯಿ ಬೆಳಗಿನಿಂದ ಸಂಜೆಯವರೆಗೆ ಬರಿಗೈಯಲ್ಲಿ ಕೂತಿರುತ್ತಿದ್ದಳು. ಬರಿಗೈ ಎಂದರೆ ಸುಮ್ಮನಿದ್ದ ಕೈಯಲ್ಲ. ಎಡಗೈ ಬಲಗೈಯನ್ನು ತಿಕ್ಕುತ್ತ, ಬಲಗೈ ಎಡಗೈಯನ್ನು ತಿಕ್ಕುತ್ತ. ಬೇರೆ ಓಣಿಯಿಂದ ಕೌದಿಯ ಮೂಲೆ ಹಿಡಿಯಲು ಕರೆಯಬಂದವರನ್ನು "ಬಿಟ್ಟೇನ್ರಿ" ಎಂದು ತಿರುಗಿ ಕಳಿಸಿದಳು. ಕಿಟಕಿಯಲ್ಲಿ ನಿಂತು ನಾನು ನನ್ನ ಮೂರು ಅಂಶಗಳನ್ನು ಮತ್ತೆ ಮತ್ತೆ ಪರೀಕ್ಷಿಸಿದೆ. ಮೂರೂ ಸರಿಯಿದ್ದವು. ಆದರೂ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

ನಳದ ಹತ್ತಿರ ಶಾಂತಕ್ಕ ಸಿಕ್ಕಾಗ ನಾನೇ ಕೆಣಕಿದೆ. "ನಾ ಹೇಳಿದ್ದರಾಗ ಏನ ತಪ್ಪಿತ್ತು, ಹೇಳ್ರಿ ನೋಡೂಣು."

ಶಾಂತಕ್ಕ ಕೊಡ ಕೆಳಗಿಟ್ಟಳು. "ಅವತ್ತ ಕಾರಣ ಕೇಳಿದೆಲ್ಲ, ಈಗ ಕೇಳು. ಬಿಳಿ ಬಟ್ಟಿ ಮ್ಯಾಲ ಬಿಳಿ ದಾರ ನನಗ ನೆಟ್ಟಗ ಕಾಣಂಗಿಲ್ಲ, ಆಕಿಗಿ ಹೆಂಗ ಕಂಡೀತು? ಎರಡ ವರ್ಷ ಆತು ಆಕಿ ಕಣ್ಣಿಗಿ ಪರದೆ ಬಂದು. ಅದಕ್ಕ ಕರೇದನ್ನ ಆಕಿ ಮುಂದ ಹಾಸತೇವಿ. ಕರೇದರ ಮ್ಯಾಲ ಬಿಳಿ ದಾರ ಎದ್ದ ಕಾಣತೈತಿ, ಆಕಿ ಸಾಲು ಸೀದಾ ಬೀಳತೈತಿ. ಸೂಜಿನೂ ನಾವ ಪೋಣಿಸಿ ಚುಚ್ಚಿ ಇಟ್ಟಿರತೇವಿ. ಇದನ್ನೆಲ್ಲಾ ಆಕಿ ಮಾರಿ ಮುಂದ ಹೇಳಬೇಕಿತ್ತೇನ ನಿನಗ?"

ಕೊಡ ಎತ್ತಿಕೊಂಡು ಹೋದಳು. ನಾನು ನಳ ಬಂದ್ ಮಾಡುವುದನ್ನೂ ಮರೆತು ನಿಂತಿದ್ದೆ. ಸೊಟ್ಟ ಸಾಲು ಆಯಿಯದಾಗಿರಲಿಲ್ಲ, ನನ್ನ ಗ್ರಾಫ್ ಕಾಗದದ್ದಾಗಿತ್ತು. ತಪ್ಪು ಮಾಡಿದವಳೂ ನಾನೇ, ಹಿಡಿದವಳೂ ನಾನೇ, ತೀರ್ಪು ಕೊಟ್ಟವಳೂ ನಾನೇ.

ಅವತ್ತೇ ಆಯಿಯ ಮನೆಗೆ ಹೊರಟೆ. ದಾರಿ ಹತ್ತು ಹೆಜ್ಜೆ. ನಡುವೆ ಮೂರು ಸಲ ತಿರುಗಿ ಬಂದೆ. ಕ್ಷಮೆ ಕೇಳುವುದಕ್ಕೂ ಪೀಠಿಕೆ, ವಿಷಯ, ಸಮಾರೋಪ ಸಿದ್ಧಮಾಡಿಕೊಂಡಿದ್ದೆ. ಪೀಠಿಕೆಯಲ್ಲೇ ಆಯಿ ತಡೆದಳು.

"ಭಾಷಣ ಬ್ಯಾಡವ್ವಾ. ಏನಂತ ಹೇಳು."

"ಬಿಳಿ ಮ್ಯಾಲ ಬಿಳಿ ಹಾಕಿದ್ದು ನನ್ನ ತಪ್ಪು ಆಯಿ. ಕರೇದನ್ನ ನಿಮ್ಮ ಮುಂದ ಹಾಸಬೇಕಿತ್ತು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಎರಡು ವರ್ಷ ಹೆಂಗಸರೆಲ್ಲ ಸೇರಿ ಕಾಪಾಡಿಕೊಂಡು ಬಂದದ್ದನ್ನು ಒಂದೇ ಉಸಿರಿಗೆ ಒದರಿಬಿಟ್ಟಿದ್ದೆ. ಆಯಿ ಮುಖವನ್ನು ನನ್ನ ಕಡೆ ತಿರುಗಿಸಿದಳು.

"ಅಂದ್ರ ಎಲ್ಲಾರಿಗೂ ಗೊತ್ತೈತಿ."

"ಹೂಂ."

"ಆ ಶಾಂತಿ ಕರೇ ಬಟ್ಟಿ ನನ್ನ ಕಡೆ ನೂಕತಿದ್ಲು. ನನಗ ತಿಳೀತು ಅಂದ್ರ ಆಕಿಗಿ ಕೆಟ್ಟ ಅನಸತೈತಿ ಅಂತ ನಾ ಗೊತ್ತಿಲ್ಲದಾಕಿಯಂಗ ಇದ್ದೆ." ಆಯಿಗೆ ನಗು ಬಂತು. ನಗುತ್ತಲೇ ಕಣ್ಣು ಒರೆಸಿಕೊಂಡಳು. "ಇನ್ನ ಮುಚ್ಚಿಡೂದು ಏನೈತಿ? ಯಾವ ದವಾಖಾನಿ ಅಂದಿ? ನೀನ ಕರಕೊಂಡ ನಡಿ."

"ಸೂಜಿ?"

"ಮೊದಲ ಕಣ್ಣು. ಸೂಜಿ ಮಾತು ಆಮ್ಯಾಲ."

ಬೆಳಗಾವಿಗೆ ಕರೆದೊಯ್ದೆ. ಒಂದು ಕಣ್ಣಿನ ಆಪರೇಷನ್ ಆಯಿತು. ಕೆಲವು ವಾರ ಬಗ್ಗುವಂತಿಲ್ಲ, ಮುಖಕ್ಕೆ ನೀರು ಹಾಕುವಂತಿಲ್ಲ. ಅಷ್ಟರಲ್ಲಿ ಅಕ್ಕನ ಕುಬಸ ಬಂದೇ ಬಂತು. ಅಂಗಡಿಯ ಚಾದರ ಒಯ್ದೆವು. "ತವರಮನಿ ಕೌದಿ ಎಲ್ಲೈತಿ?" ಎಂದು ಅಕ್ಕ ಬೀಗರೆದುರೇ ಕೇಳಿದಾಗ ಅವ್ವ ನನ್ನ ಕಡೆ ಕೈ ಮಾಡಿ, "ವಕೀಲರನ್ನ ಕೇಳು" ಎಂದಳು.

ಆಮೇಲೆ ಒಂದು ಬೆಳಿಗ್ಗೆ ಕಪ್ಪು ಕನ್ನಡಕ ಹಾಕಿಕೊಂಡು ಆಯಿ ನಮ್ಮ ಪಡಸಾಲೆಗೆ ಬಂದು ಕೌದಿ ಹಾಸಲು ಹೇಳಿದಳು. ಸುದ್ದಿ ತಿಳಿದು ಶಾಂತಕ್ಕನೂ ಬಂದಳು. ಆಯಿ ಕನ್ನಡಕ ತೆಗೆದು ಬಿಳಿ ಧೋತರದ ಬದಿಯನ್ನು ನೋಡಿದಳು. ಅಂಚಿಗೆ ತನ್ನ ಎರಡು ಸಾಲು, ಪಕ್ಕಕ್ಕೆ ನನ್ನ ಮೂರು.

"ಅಯ್ಯ ಶಿವನ! ಎತ್ತು ಉಚ್ಚಿ ಹೊಯ್ದಂಗ ಹೋಗೈತೆಲ್ಲ ಇದು! ಒಬ್ಬರೂ ಒಂದ ಮಾತ ಹೇಳಲಿಲ್ಲಲ್ಲ ನನಗ?"

ಇಂಥ ಅವಕಾಶ ಬಿಟ್ಟೇನೆಯೇ? "ನಾ ಹೇಳಿದ್ದೆ ಆಯಿ."

"ನೀ ಎಲ್ಲಿ ಹೇಳಿದಿ? ನೀ ಬಿಚ್ಚಿದಿ."

ನನ್ನ ಇಷ್ಟು ವರ್ಷದ ಸ್ಪರ್ಧೆಗಳಲ್ಲಿ ಯಾರೂ ನನ್ನನ್ನು ಎರಡು ಮಾತಿನಲ್ಲಿ ಕೂರಿಸಿರಲಿಲ್ಲ. ಶಾಂತಕ್ಕ ಖುಷಿಯಿಂದ ಕತ್ತರಿ ಮುಂದೆ ಮಾಡಿದಳು. "ಹಂಗಾರ ಈಕಿ ಮೂರು ಸಾಲು ಬಿಚ್ಚಿ ಒಗೀರಿ ಆಯಿ." ನಾನೇ ಬಿಚ್ಚುತ್ತೇನೆ ಎಂದು ಕೈ ಚಾಚಿದೆ.

"ಇರಲಿ ಬಿಡ. ಅದು ಆಕಿ ಹೊಲಿಗಿ," ಎಂದಳು ಆಯಿ. "ನಾ ಯಾಕ ಬಿಚ್ಚಸಲಿ?"

ಆರನೆಯ ಸಾಲಿಗೆ ತಾನೇ ಸೂಜಿ ಪೋಣಿಸಲು ಕೂತಳು. ಒಂದು ಸಲ ತಪ್ಪಿತು, ಎರಡು ಸಲ ತಪ್ಪಿತು. ಸಹಾಯಕ್ಕೆ ಹೋದ ನನ್ನ ಕೈಗೆ ಶಾಂತಕ್ಕ ಒಂದೇಟು ಕೊಟ್ಟಳು. ಐದನೆಯ ಸಲ ದಾರ ಹೋಯಿತು. "ಹೂಂ, ನಡೀಲಿ" ಎಂದಳು ಆಯಿ.

ಕೌದಿಯ ನಡುಭಾಗಕ್ಕೆ ನಮ್ಮಲ್ಲಿ ಹೊಟ್ಟೆ ಎನ್ನುತ್ತಾರೆ. ಅದನ್ನು ಮುಚ್ಚುವ ಮುಂಚೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಾರೆ, ಕೌದಿ ಹಸಿದಿರಬಾರದಂತೆ. ಇರುವೆ ಬರುತ್ತವೆ ಎಂದು ಮುಕ್ಕಾಲು ತಾಸು ವಾದಿಸಿದೆ. ಮೂವರೂ ಪೂರ್ತಿ ಕೇಳಿಸಿಕೊಂಡರು, ತಲೆದೂಗಿದರು, ರೊಟ್ಟಿ ಇಟ್ಟು ಹೊಲಿದರು. ಕೂಸು ಹುಟ್ಟುವ ಮೊದಲು ಕೌದಿ ಕಿತ್ತೂರು ಮುಟ್ಟಿತು. ಇರುವೆಗಳೂ ಬಂದವಂತೆ. ಆ ಒಂದು ವಿಷಯದಲ್ಲಿ ನಾನು ಗೆದ್ದಿದ್ದೇನೆ, ದಯವಿಟ್ಟು ಗಮನಿಸಿ.

ಇಲ್ಲಿಗೆ ನಾನು ಪೂರ್ತಿ ತಿದ್ದಿಕೊಂಡೆ ಎಂದು ನೀವು ತೀರ್ಮಾನಿಸಿದರೆ ನನಗೆ ತಕರಾರಿದೆ. ಎರಡು ವರ್ಷ ಕರಿ ಬಟ್ಟೆ ನೂಕುವ ಬದಲು ಒಂದು ದಿನ ಬಸ್ಸು ಹತ್ತಿಸಿ ಕಣ್ಣು ತೋರಿಸಬಾರದಿತ್ತೇ? ಶಾಂತಕ್ಕನನ್ನು ಕೇಳಿಯೇ ಕೇಳಿದೆ. "ತೋರಸಬೇಕಿತ್ತು, ಖರೇ," ಎಂದಳು. "ಆದ್ರ ಅದನ್ನ ಕೇಳಿ ಆಕಿ ನಾಚಿ ಕೌದಿಗಿ ಬರೂದ ಬಿಟ್ಟಿದ್ರ?" ಇದಕ್ಕೆ ನಾನು ಇನ್ನೂ ಉತ್ತರ ಹುಡುಕುತ್ತಿದ್ದೇನೆ. ಹುಡುಕುವುದು ಹೆಚ್ಚಾಗಿ ಭಾನುವಾರಗಳಂದು. ಆ ದಿನ ನಮ್ಮ ಪಡಸಾಲೆಯಲ್ಲಿ ಓಣಿಯ ಹೆಂಗಸರು ಕೂಡುತ್ತಾರೆ. ಒಬ್ಬರು ಕೌದಿ, ಒಬ್ಬರು ಕುಲಾವಿ, ಅವ್ವ ಕಾಗದ ಮಡಚಿ ಪರಪರಿ ಕತ್ತರಿಸುವುದನ್ನು ಕಲಿಸುತ್ತಾಳೆ. ಒಬ್ಬರದನ್ನು ಇನ್ನೊಬ್ಬರು ನೋಡಿ ನಗುತ್ತಾರೆ, ಕಲಿಯುತ್ತಾರೆ, ಕದಿಯುತ್ತಾರೆ. ನಾನೂ ಕಾಲು ಅಲ್ಲಾಡಿಸುತ್ತ ಕೂರುತ್ತೇನೆ. ಸೂಜಿ ನಾಲ್ಕು ಪದರಿನ ಒಳಗೆ ಹೊಕ್ಕು ಆಚೆ ಬರುವಾಗ ಬೆರಳಿಗೆ ಒಂದು ಸಣ್ಣ 'ಟಪ್' ತಾಗುತ್ತದೆ. ಆ ಗಳಿಗೆಯಲ್ಲಿ ನನ್ನ ಕಾಲು ನಿಂತಿರುತ್ತದಂತೆ. ಅವ್ವ ಹೇಳಿದ್ದು. ನನಗೆ ಗೊತ್ತಾಗುವುದಿಲ್ಲ, ಹಾಗಾಗಿ ಅಲ್ಲಗಳೆಯಲೂ ಆಗುವುದಿಲ್ಲ.

ಬಸ್ಸು ದೊಡ್ಡ ಗುಂಡಿಗೆ ಇಳಿದು ಎದ್ದಿತು. ಪಕ್ಕದಾಕೆಯ ಸೂಜಿ ಅಡ್ಡ ಓಡಿ, ಹೊಲಿಗೆ ಅಂಚು ಬಿಟ್ಟು ಒಳಕ್ಕೆ ಹೋಯಿತು. ನಾನು ಎರಡೂ ಕೈಗಳನ್ನು ಬ್ಯಾಗಿನ ಕೆಳಗೆ ಸೇರಿಸಿಕೊಂಡು ಬಾಯಿ ತೆರೆದೆ.

"ಅಕ್ಕಾರ, ಅಲ್ಲಿ ಸೊಟ್ಟ ಆತ ನೋಡ್ರಿ."

ಆಕೆ ಹೊಲಿಗೆಯನ್ನು ನೋಡಿದಳು. ನನ್ನನ್ನೂ ನೋಡಿದಳು. "ನಂದಲ್ರಿ ಅದು, ಬಸ್ಸಿಂದು," ಎಂದು ನಕ್ಕಳು. ಕುಲಾವಿಯ ಒಂದು ತುದಿಯನ್ನು ನನ್ನ ಕಡೆ ಚಾಚಿದಳು. "ಕಂಡೈತೆಲ್ಲ, ಹಂಗಾರ ಈ ಕಡೆ ಬಿಗಿಯಾಗಿ ಹಿಡೀರಿ."

ಕೈ ಹೊರಗೆ ತೆಗೆದು ಹಿಡಿದೆ. ಮುಂದಿನ ಗುಂಡಿಗೆ ನಾವಿಬ್ಬರೂ ಸೀಟಿನಿಂದ ಗೇಣುದ್ದ ಎಗರಿದೆವು. ಬಟ್ಟೆ ಮಾತ್ರ ನಮ್ಮ ನಡುವೆ ಬಿಗಿಯಾಗಿಯೇ ಇತ್ತು.