ಕಂಪ್ಯೂಟರಿನ ಹೊಲಕ್ಕೆ ಮುಯ್ಯಾಳು

ಬಾದಾಮಿ ಕಡೆಯಿಂದ ನಂಜನಗೂಡಿಗೆ ಬಂದ ಮರುದಿನವೇ ನಾನು ನಗೆಪಾಟಲಾದೆ. ಅಂಗಡಿಗೆ ಹೋಗಿ ಉಳ್ಳಾಗಡ್ಡಿ ಕೇಳಿದರೆ ಅಂಗಡಿಯವನು, "ಅದ್ಯಾವ ಗಡ್ಡೆ ತಾಯಿ? ಈರುಳ್ಳಿನಾ?" ಎಂದು ಪಕ್ಕದವರ ಮುಖ ನೋಡಿ ನಕ್ಕ. ಅದೇ ಕನ್ನಡ, ಅದೇ ರಾಜ್ಯ. ಆದರೂ ಪರದೇಶಕ್ಕೆ ಬಂದು ಬಿದ್ದಂತಾಯಿತು. ಆಮೇಲೆ ನಾನು ಬೇಕಾದ್ದನ್ನು ಬೆರಳಲ್ಲಿ ತೋರಿಸಿ ತರತೊಡಗಿದೆ.

ಯಜಮಾನರಿಗೆ ಕಾರ್ಖಾನೆಯಲ್ಲಿ ಪಾಳಿ ಕೆಲಸ. ನಮ್ಮೂರಲ್ಲಿ ಬಾಗಿಲು ಹಾಕುವುದು ಮಲಗುವಾಗ ಮಾತ್ರ. ಇಲ್ಲಿ, "ಕೋತಿ ನುಗ್ತವೆ, ಬಾಗ್ಲಾಕ್ಕೊಂಡೇ ಇರಿ" ಎಂದು ಓನರಮ್ಮನ ತಾಕೀತು. ಗೋಡೆ ನೋಡಿ ನೋಡಿ ತಲೆ ಕೆಡುತ್ತಿದೆ ಎಂದು ನಾನು ಅತ್ತಾಗ ಯಜಮಾನರು ಹಳೆಯ ಕಂಪ್ಯೂಟರೊಂದನ್ನು ತಂದು ನೆಟ್ ಹಾಕಿಸಿದರು. 2009ರ ಸುಮಾರು, ಕಂಡಕಂಡವರೆಲ್ಲ ನೆಟ್‌ನಲ್ಲಿ ಬೇಸಾಯದ ಆಟ ಆಡುತ್ತಿದ್ದ ಕಾಲ. ಹೊಲ ಉಳುವುದು, ಬಿತ್ತುವುದು, ನೆರೆಯವರ ಪೈರಿಗೆ ನೀರು ಬಿಡುವುದು. ಗೊಬ್ಬರ ಬೇಕಾದರೆ ಮಾತ್ರ ಯಾವುದೋ ಸೋಪಿನ ಜಾಹೀರಾತನ್ನು ಕೊನೆಯವರೆಗೆ ನೋಡಬೇಕು. ಊರಿನಿಂದ ತಂಗಿ ಶಾಂತಾಳೂ ಸೈಬರ್ ಅಂಗಡಿಗೆ ಹೋಗಿ ನನ್ನ ನೆರೆಯವಳಾದಳು.

ಆ ಆಟದಲ್ಲೇ ಸಿಕ್ಕವರು ತಿ. ನರಸೀಪುರದ ನಾಗರತ್ನಮ್ಮ. ಅವರ ಮನೆಯವರದು ಬಸ್ ಸ್ಟ್ಯಾಂಡ್ ಹತ್ತಿರ ನಿಜವಾದ ಗೊಬ್ಬರದಂಗಡಿ. ಅಂಗಡಿಯ ಕಂಪ್ಯೂಟರಿನಲ್ಲೇ ಇವರ ಬೇಸಾಯ. ರಾಗಿಮುದ್ದೆ ಗಂಟಲಿಗೆ ಅಂಟುತ್ತದೆ ಎಂದು ಬರೆದರೆ, "ಅಗೀಬ್ಯಾಡಿ ಕಣ್ರೀ, ಸಾರಲ್ಲದ್ದಿ ನುಂಗ್ಬುಡಿ" ಎಂದು ಉತ್ತರಿಸಿದರು. ನುಂಗಿದೆ. ಇಳಿಯಿತು! ಈ ಸೀಮೆಯಲ್ಲಿ ನಾನು ಗೆದ್ದ ಮೊದಲ ಪಂದ್ಯ ಅದು.

ಕೆಲವು ತಿಂಗಳಾದ ಮೇಲೆ ಅವರ ಹರಟೆ ನಿಂತಿತು. ಆದರೆ ಕರೆ ನಿಲ್ಲಲಿಲ್ಲ. 'ನಾಗರತ್ನ ಕರೆಯುತ್ತಿದ್ದಾರೆ, ಅವರ ಹೊಲ ಒಣಗುತ್ತಿದೆ' ಎಂದು ದಿನಾ ಸಂದೇಶ. ನಮ್ಮ ಕಡೆ ಮುಯ್ಯಾಳು ಎಂದರೆ ನಿಮಗೆ ಹೇಳಬೇಕಿಲ್ಲ: ಅವರು ನಮ್ಮ ಹೊಲಕ್ಕೆ ದುಡಿಯಲು ಬಂದರೆ ನಾವು ಅವರ ಹೊಲಕ್ಕೆ ಹೋಗಲೇಬೇಕು, ಮಾತು ಬಿಟ್ಟವರೂ ಮುಯ್ಯಿ ತಪ್ಪಿಸುವುದಿಲ್ಲ. ಏನೋ ಮುನಿಸಿರಬೇಕು ಎಂದುಕೊಂಡು, ಒಲೆ ಮೇಲಿನ ಸಾರು ಸೀದರೂ ಅವರ ಪೈರು ಬಾಡಲು ಬಿಡಲಿಲ್ಲ. ಬೇಸರವಾದ ದಿನವೂ ಎದ್ದು ಹೋಗಲಾಗುತ್ತಿರಲಿಲ್ಲ. ಇಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಅವರೊಬ್ಬರೇ ಆಗಿದ್ದರು.

ಕೊನೆಗೆ ತಡೆಯಲಾರದೆ, ಮುನಿಸೇನೆಂದು ಕೇಳಿಬಿಡೋಣ ಎಂದು ನರಸೀಪುರದ ಬಸ್ ಹತ್ತಿದೆ. ಅಂಗಡಿ ಸುಲಭವಾಗಿ ಸಿಕ್ಕಿತು. ಹೆಸರು ಹೇಳಿದೆ. ನಾಗರತ್ನಮ್ಮ ಗಾಬರಿಯಾಗಿ ನೋಡಿದರು.

"ನೀವು ದಿನಾ ಕರೀತೀರಲ್ಲರೀ..." ಎಂದೆ.

"ನಾನ್ಯಾವಾಗ ಕರ್ದೆ? ಆ ಆಟ ಬುಟ್ಟು ಏಸೋ ದಿನಾಯ್ತು ಕಣವ್ವ."

ಅವರ ಯಜಮಾನರು ಗಲ್ಲಾದಿಂದಲೇ ನಕ್ಕರು. "ಅದು ಆಟದ ಕಂಪ್ನಿಯೋರ್ ಕಳ್ಸೋದು ಕಣಮ್ಮ, ನಮ್ ಗೊಬ್ರದ ಜಾಹೀರಾತು ಇದ್ದಂಗೆ. ಎಸ್ರು ಮಾತ್ರ ನಮ್ದು."

"ನಿಮ್ಮೆಸ್ರಲ್ಲೂ ದಿನಾ ಬತ್ತಿತ್ತು," ಎಂದರು ನಾಗರತ್ನಮ್ಮ, ತಲೆ ತಗ್ಗಿಸಿ. "ನೀರ್ ಬುಡು, ಗೊಬ್ರ ಕಳ್ಸು ಅಂತ. ಈವಮ್ಮಂಗೆ ಬ್ಯಾರೆ ಕ್ಯಾಮೆ ಇಲ್ವಾ ಅಂತ ಬ್ಯಾಸತ್ತು ಬಂದ್ ಮಾಡ್ಬುಟ್ಟೆ."

ನನ್ನ ಹೆಸರು ನನ್ನನ್ನು ಕೇಳದೆಯೇ ಹೋಗಿ, ನನಗಿದ್ದ ಒಬ್ಬ ಗೆಳತಿಯನ್ನು ಓಡಿಸಿತ್ತು. ಅವರು ಕಾಫಿ ಕೊಟ್ಟರು, "ಇನ್ನೊಂದ್ಸಲ ಬನ್ನಿ" ಎಂದರು. ಗಿರಾಕಿಗಳಿಗೂ ಹಾಗೆಯೇ ಹೇಳುತ್ತಿದ್ದರು.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಕಂಪ್ಯೂಟರ್ ಹಚ್ಚಿದೆ. ಆಟವನ್ನು ಅಳಿಸಿಹಾಕಬೇಕೆಂದೇ ಕುಳಿತಿದ್ದೆ. ನಾಗರತ್ನಮ್ಮನ ಹೆಸರಿನ ಕರೆ ಬಂದಿತ್ತು. ಅದರ ಕೆಳಗೆ ಇನ್ನೊಂದು: 'ಶಾಂತಾ ಕರೆಯುತ್ತಿದ್ದಾರೆ.'

ಊರಿಗೆ ಫೋನ್ ಮಾಡಿ, ನಿಜವಾಗಿ ನೀನೇ ಕರೆದೆಯಾ ಎಂದು ತಂಗಿಯನ್ನು ಕೇಳಬಹುದಿತ್ತು. ಫೋನ್ ಕೈಯಲ್ಲೇ ಇತ್ತು. ಧೈರ್ಯ ಬರಲಿಲ್ಲ. ಇಬ್ಬರ ಹೊಲಕ್ಕೂ ನೀರು ಬಿಟ್ಟೆ.